ಎಕ್ಸ್‌ಚೇಂಜಮ್ಮನ ಮನೆ ಫೋನು

ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಎಕ್ಸ್‌ಚೇಂಜಮ್ಮನಿಗೆ ಫೋನು ಮಾಡಲು ಬರುತ್ತಿರಲಿಲ್ಲ. ನಗಬೇಡಿ, ಸುಳ್ಳಲ್ಲ. ಊರಿನಲ್ಲಿ ಯಾರು ಯಾರ ಜೊತೆ ಮಾತಾಡಬೇಕಾದರೂ ಅವಳ ಕೈ ದಾಟಿಯೇ ಹೋಗಬೇಕಿತ್ತು. ಆದರೆ ತಾನಾಗಿ ರಿಸೀವರ್ ಎತ್ತಿ, ತನಗೆ ಬೇಕಾದವರಿಗೆ ಒಂದು ಫೋನು ಮಾಡುವ ಪ್ರಸಂಗ ಅವಳಿಗೆ ಬಂದಿರಲೇ ಇಲ್ಲ. ಯಾಕೆ ಅಂತ ಕೇಳಿದರೆ, ಎಲ್ಲರೂ ನನಗೇ ಮಾಡುವಾಗ ನಾನು ಇನ್ಯಾರಿಗೆ ಮಾಡಲಿ ಅನ್ನುತ್ತಿದ್ದಳು. ಮಾತು ಸ್ವಲ್ಪ ಜಂಬದ್ದು. ಆ ಜಂಬಕ್ಕೆ ಕಾರಣವೂ ಇತ್ತು ಅನ್ನಿ.

ಅಂಚೆ ಕಚೇರಿಯ ಮಹಡಿ ಮೇಲೆ ಒಂದೇ ಕಿಟಕಿಯ ಕೋಣೆ ಅವಳದು. ಗೋಡೆಗೆ ಆನಿಸಿದ ಮರದ ಬೋರ್ಡು, ಅದರ ತುಂಬ ಸಾಲುಸಾಲು ತೂತು, ಒಂದೊಂದು ತೂತಿನ ಮೇಲೂ ಒಂದೊಂದು ಪುಟ್ಟ ಹಿತ್ತಾಳೆ ಮುಚ್ಚಳ. ಊರಲ್ಲಿ ಯಾರಾದರೂ ತಮ್ಮ ಮನೆಯ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಆಗ ಅವಳು ವೈರಿನ ಒಂದು ತುದಿಯನ್ನು ಆ ತೂತಿಗೆ ಚುಚ್ಚಿ 'ನಂಬರ್ ಪ್ಲೀಸ್' ಅನ್ನಬೇಕು. ಅವರು ನಂಬರು ಹೇಳಬೇಕು. ವೈರಿನ ಇನ್ನೊಂದು ತುದಿ ಆ ನಂಬರಿನ ತೂತಿಗೆ ಹೋಗಬೇಕು. ಇದು ರೂಲ್ಸು. ಆದರೆ ಆ ಊರಿನಲ್ಲಿ ಒಬ್ಬನೇ ಒಬ್ಬ ಪುಣ್ಯಾತ್ಮನೂ ಯಾವತ್ತೂ ನಂಬರು ಹೇಳಿದ್ದಿಲ್ಲ.

ಡಾಕ್ಟ್ರ ಮನೆ ಕೊಡಿ ಅನ್ನುತ್ತಿದ್ದರು. ಡಾಕ್ಟ್ರು ಈ ಹೊತ್ತಿಗೆ ಮನೆಯಲ್ಲಿರಲ್ಲ, ವಕೀಲರ ಮನೆಯಲ್ಲಿ ಇಸ್ಪೀಟು ಆಡ್ತಿರ್ತಾರೆ, ಅಲ್ಲಿಗೇ ಕೊಡ್ತೀನಿ ಇರಿ ಅಂತ ಇವಳು ಅಲ್ಲಿಗೇ ಚುಚ್ಚುತ್ತಿದ್ದಳು. ಬೇಕರಿಯವನಿಗೆ ಮೊಟ್ಟೆ ತಂದುಕೊಡುವವನು ಬೇಕಾದರೆ, ಅವನು ಈಗಷ್ಟೇ ಕಿಟಕಿಯ ಕೆಳಗೆ ಸೈಕಲ್ಲಿನಲ್ಲಿ ಹೋದ, ಹತ್ತು ನಿಮಿಷ ತಾಳಿ ಅನ್ನುತ್ತಿದ್ದಳು. ಯಾರ ಮಗುವಿಗೆ ಜ್ವರ, ಯಾರ ಮನೆಗೆ ನೆಂಟರು, ಹೆಡ್‌ಮಿಸ್ಸು ಯಾವ ದಿನ ರಜಾ ಹಾಕಿದ್ದಾರೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ನಂಬರು ಮಾತ್ರ ಒಂದೂ ನೆನಪಿರಲಿಲ್ಲ. ಡಾಕ್ಟ್ರು ಅಂದರೆ ಎರಡನೇ ಸಾಲಿನ ಐದನೇ ತೂತು, ವಕೀಲರು ಅಂದರೆ ಅದರ ಕೆಳಗಿನದು. ಕೈಗೆ ಗೊತ್ತಿದ್ದ ಮೇಲೆ ತಲೆಗೆ ಯಾಕೆ ತೊಂದರೆ ಕೊಡಬೇಕು ಅನ್ನುವುದು ಅವಳ ಲೆಕ್ಕಾಚಾರ.

ಪರವೂರಿನ ಟ್ರಂಕ್ ಕಾಲ್ ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಆ ಕಾಲಿಗೆ ಮೂರು ನಿಮಿಷದ ಗಡುವು. ಮೂರು ನಿಮಿಷ ತುಂಬಿದ ಕೂಡಲೇ ಇವಳು ಕೀಲಿ ಒತ್ತಿ, ಅವರ ಮಾತಿನ ನಡುವೆ ತಲೆ ಹಾಕಿ, 'ಮೂರು ನಿಮಿಷ ಆಯ್ತು, ಮುಂದುವರಿಸಬೇಕಾ?' ಅಂತ ಕೇಳಬೇಕು. ಅತ್ತ ಯಾರೋ ಅಳುತ್ತಿರಲಿ, ಇತ್ತ ಯಾರೋ ಬೈಯುತ್ತಿರಲಿ, ಕೇಳಲೇಬೇಕು. ಬೇಕರಿಯವನ ತಾಯಿ ದೂರದ ಆಸ್ಪತ್ರೆಯಲ್ಲಿದ್ದ ತಿಂಗಳು ಮಾತ್ರ ಎಕ್ಸ್‌ಚೇಂಜಿನ ಗೋಡೆ ಗಡಿಯಾರ ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದಕ್ಕೆ ಅವನು ಪ್ರತಿಯಾಗಿ ಒಂದು ಕೇಕು ಕಳಿಸಿದರೆ, ಲಂಚ ತಗೊಳ್ಳಲ್ಲ ಅಂತ ವಾಪಸು ಕಳಿಸಿದಳು. ಅವಳ ಯಜಮಾನರು, ಅಂದರೆ ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಆ ಕೇಕನ್ನು ನೆನೆದು ವರ್ಷಗಟ್ಟಲೆ ಹೊಟ್ಟೆ ಉರಿಸಿಕೊಂಡರು.

ಆ ಇಪ್ಪತ್ತೆರಡು ವರ್ಷದಲ್ಲಿ ಊರು ಹೇಗೆ ಮಗ್ಗುಲು ಬದಲಿಸಿತು ಅನ್ನುವುದನ್ನು ಬೇರೆಯವರು ಬೀದಿಯಲ್ಲಿ ನೋಡಿದರೆ ಇವಳು ಬೋರ್ಡಿನಲ್ಲೇ ನೋಡಿದಳು. ಮೊದಮೊದಲು ಎಂಬತ್ತೇಳು ಫೋನು. ಜನ ಅಂಗಿಯ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಪಕ್ಕದ ಬೀದಿಯವರ ಜೊತೆ ಮಾತಾಡಲೂ ಎಂಟು ಮನೆಗೆ ಕೇಳುವ ಹಾಗೆ ಕಿರುಚುತ್ತಿದ್ದರು. ಆಮೇಲೆ ಫೋನು ನೂರಾಯಿತು, ನೂರೈವತ್ತಾಯಿತು, ದನಿ ಇಳಿಯಿತು. ಕೊನೆಕೊನೆಗೆ ಕಾಲೇಜಿನ ಹುಡುಗಿಯರು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ನಂಬರ್ ಪ್ಲೀಸ್ ಅನ್ನುವ ಇವಳೂ ದನಿ ತಗ್ಗಿಸಬೇಕಾಯಿತು. ಟಿವಿ ಬಂದಾಗ ಸಂಜೆ ಏಳರಿಂದ ಎಂಟರವರೆಗೆ ಬೋರ್ಡಿನಲ್ಲಿ ಒಂದು ಮುಚ್ಚಳವೂ ಅಲ್ಲಾಡುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ಸಾಕು, ಐವತ್ತು ಮುಚ್ಚಳ ಒಟ್ಟಿಗೆ ಬೀಳುತ್ತಿದ್ದವು. ನಿಮ್ಮಲ್ಲೂ ಹೋಯ್ತಾ, ಇಷ್ಟೇ ಪ್ರಶ್ನೆ. ಇವಳು ಯಾರಿಗೂ ಯಾರನ್ನೂ ಕೊಡದೆ, ಊರಿಗೆಲ್ಲ ಹೋಗಿದೆ, ಮಲಗಿ ಅನ್ನುತ್ತಿದ್ದಳು.

ಇನ್ನು ಅಕ್ಕನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದೇ ಅದಕ್ಕೆ.

ಎಕ್ಸ್‌ಚೇಂಜಮ್ಮನಿಗೆ ಒಡಹುಟ್ಟಿದವಳು ಒಬ್ಬಳೇ ಅಕ್ಕ. ನಾಲ್ಕು ವರ್ಷ ದೊಡ್ಡವಳು. ಭಾವ ರಸ್ತೆ ಕೆಲಸದ ಕಾಂಟ್ರಾಕ್ಟರು. ಎರಡು ಮನೆಗೂ ನಡುವೆ ನಡೆದರೆ ಏಳು ನಿಮಿಷ. ತಾಯಿ ಬೇಗ ತೀರಿಕೊಂಡ ಮೇಲೆ ಇವಳ ತಲೆ ಬಾಚಿ, ಜಡೆ ಹಾಕಿ, ಟೆಲಿಫೋನಿನ ಪರೀಕ್ಷೆಗೆ ಕೂರು ಅಂತ ಒತ್ತಾಯ ಮಾಡಿ ಕಳಿಸಿದವಳೇ ಅವಳು. ಆ ಅಕ್ಕತಂಗಿಯರು ಆರು ವರ್ಷದಿಂದ ಮಾತು ಬಿಟ್ಟಿದ್ದರು.

ನಡೆದದ್ದು ಇಷ್ಟು. ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗನ ಮನೆಯವರು ಅದೇ ಊರಿನವರು. ಒಂದು ದಿನ ಹುಡುಗನ ಅಪ್ಪ ಪರವೂರಿನಲ್ಲಿದ್ದ ತಮ್ಮನಿಗೆ ಟ್ರಂಕ್ ಕಾಲ್ ಹಾಕಿದ. ಮೂರು ನಿಮಿಷ ತುಂಬಿತು. ಇವಳು ಕೀಲಿ ಒತ್ತಿದಳು, ಮಾತಾಡಲು ಬಾಯಿ ತೆರೆದಳು, ಅಷ್ಟರಲ್ಲಿ ಆ ಮನುಷ್ಯ, ಈ ಸಂಬಂಧ ಬೇಡ ಅಂತ ತೀರ್ಮಾನ ಮಾಡಿದೀವಿ, ಅವರಿಗೆ ನಿಧಾನವಾಗಿ ಹೇಳಿದರಾಯ್ತು, ಏನು ಆತುರ ಅಂದ. ಆದರೂ ಇವಳು ಮುಂದುವರಿಸಬೇಕಾ ಅಂತ ಕೇಳಿದಳು. ಬೇಡ ಅಂದ, ಇಟ್ಟ.

ಆ ಮಹಾರಾಯ ನಿಧಾನ ಅಂದದ್ದು ಹತ್ತು ದಿನ. ಅಷ್ಟರಲ್ಲಿ ಅಕ್ಕ ಮದುವೆ ಕಾಗದ ಅಚ್ಚು ಹಾಕಿಸಿದಳು, ಹಾಲ್ ಗೊತ್ತು ಮಾಡಿದಳು, ಬೀದಿಗೆಲ್ಲ ಹೇಳಿಕೊಂಡು ಬಂದಳು. ಹನ್ನೊಂದನೇ ದಿನ ಅವರು ಬಂದು ಬೇಡ ಅಂದರು. ಸಾಲದ್ದಕ್ಕೆ ಹುಡುಗನ ಅಪ್ಪ, ನಾನು ಫೋನಿನಲ್ಲಿ ಹೇಳುವಾಗ ನಿಮ್ಮ ತಂಗಿ ಲೈನಿನಲ್ಲಿದ್ದರು, ಅವರೇ ನಿಮಗೆ ಸೂಕ್ಷ್ಮವಾಗಿ ತಿಳಿಸಿರ್ತಾರೆ ಅಂದುಕೊಂಡೆ ಅಂತ ತನ್ನ ಕೈ ತೊಳೆದುಕೊಂಡ.

ಅಕ್ಕ ಅದೇ ಸಂಜೆ ಬಂದಳು. ಕೂತುಕೋ ಅಂದರೂ ಕೂರಲಿಲ್ಲ. ನಿನಗೆ ಗೊತ್ತಿತ್ತಾ ಅಂದಳು. ಇವಳು ತಲೆ ತಗ್ಗಿಸಿ, ಕೇಳಿಸಿಕೊಂಡದ್ದನ್ನು ಹೊರಗೆ ಹೇಳಬಾರದು ಅಂತ ನಮ್ಮಲ್ಲಿ ರೂಲ್ಸಿದೆ ಅಂದಳು.

"ಡಾಕ್ಟ್ರು ಎಲ್ಲಿ ಇಸ್ಪೀಟು ಆಡ್ತಾರೆ ಅಂತ ಊರಿಗೆಲ್ಲ ಹೇಳೋವಾಗ ಎಲ್ಲಿತ್ತೇ ನಿನ್ನ ರೂಲ್ಸು? ನನ್ನ ಹತ್ರ ಬಂದಾಗ ಮಾತ್ರ ನೆನಪಾಯ್ತಾ?"

ಇವಳ ಹತ್ತಿರ ಇದ್ದ ಉತ್ತರವೊಂದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಅದನ್ನು ಯಜಮಾನರಿಗೂ ಹೇಳಿರಲಿಲ್ಲ. ಅಕ್ಕ ಮೆಟ್ಟಿಲಿಳಿದು ಹೋದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಯಾರ ಮದುವೆ ನಿಂತಿತೋ ಆ ಹುಡುಗಿ ಎರಡು ದಿನ ಅತ್ತಳು, ಮೂರನೇ ದಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಜೊತೆಗಿದ್ದವನನ್ನು ತಾನೇ ಮೆಚ್ಚಿ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ, ಮಧ್ಯಾಹ್ನ ಎಲ್ಲರಿಗೂ ಐಸ್‌ಕ್ರೀಮು ಕೊಡಿಸಿ, ಬೇರೆ ಊರಿನಲ್ಲಿ ಸಂಸಾರ ಹೂಡಿದಳು. ಹತ್ತು ವರ್ಷದ ಹಿಂದೆ ಇಂಥದ್ದು ನಡೆದಿದ್ದರೆ ಊರು ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತಿತ್ತು. ಈಗ ಐಸ್‌ಕ್ರೀಮು ಸ್ವಲ್ಪ ಕರಗಿತ್ತು ಅನ್ನುವುದನ್ನು ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆ ಸಂಬಂಧ ತಪ್ಪಿದ್ದು ನನ್ನ ಅದೃಷ್ಟ ಚಿಕ್ಕಮ್ಮ, ನೀವಿಬ್ಬರು ಇನ್ನೂ ಯಾಕೆ ಮುಖ ಊದಿಸಿಕೊಂಡಿದೀರಿ ಅಂತ ಅವಳು ಬಂದಾಗಲೆಲ್ಲ ನಗುತ್ತಿದ್ದಳು. ಸಣ್ಣವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು. ಜಗಳ ಮದುವೆಯದ್ದಾಗಿ ಉಳಿದೇ ಇರಲಿಲ್ಲ.

ಆದರೆ ಮಾತು ಬಿಟ್ಟಿದ್ದರು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಜಗಳವಾಗಿ ಒಂದು ತಿಂಗಳಿಗೆ, ಬೆಳಗ್ಗೆ ಏಳಕ್ಕೆ ಇವಳು ಡ್ಯೂಟಿಗೆ ಕೂತ ಕೂಡಲೇ, ನಾಲ್ಕನೇ ಸಾಲಿನ ಎರಡನೇ ಮುಚ್ಚಳ ಬಿತ್ತು. ಅದು ಅಕ್ಕನ ಮನೆಯದು. ವೈರು ಚುಚ್ಚಿ ನಂಬರ್ ಪ್ಲೀಸ್ ಅಂದಳು.

ಆ ಕಡೆಯಿಂದ ಬಿಗಿದ ದನಿ ಬಂತು. "ಟೈಮ್ ಎಷ್ಟಾಯ್ತು, ಸ್ವಲ್ಪ ಹೇಳ್ತೀರಾ?"

ಹೇಳ್ತೀರಾ ಅಂತೆ! ಎಣ್ಣೆ ಹಚ್ಚಿ ತಲೆ ತಿಕ್ಕಿದ ತಂಗಿಗೆ ಬಹುವಚನ. ಇವಳೇನು ಕಮ್ಮಿ, ಏಳು ಗಂಟೆ ಎರಡು ನಿಮಿಷ ಮೇಡಂ ಅಂದಳು. ಥ್ಯಾಂಕ್ಸ್ ಅಂದು ಅಕ್ಕ ಇಟ್ಟಳು.

ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ. ಅಕ್ಕನ ಮನೆಯಲ್ಲಿ ಮೂರು ಗಡಿಯಾರವಿದ್ದದ್ದು ಇವಳಿಗೆ ಗೊತ್ತು. ಒಂದನ್ನು ಇವಳೇ ಉಡುಗೊರೆ ಕೊಟ್ಟಿದ್ದಳು. ಬೆಳಗಿನ ಪಾಳಿಯ ವಾರ ಏಳಕ್ಕೆ, ಮಧ್ಯಾಹ್ನದ ಪಾಳಿಯ ವಾರ ಎರಡಕ್ಕೆ, ಮುಚ್ಚಳ ಬೀಳುವುದು ತಪ್ಪುತ್ತಿರಲಿಲ್ಲ. ಪಾಳಿ ಬದಲಾದದ್ದು ಅಕ್ಕನಿಗೆ ಹೇಗೆ ತಿಳಿಯುತ್ತಿತ್ತೋ, ಯಾರೂ ಹೇಳಿದ್ದಂತೂ ಇಲ್ಲ. ಇವಳಿಗೆ ನೆಗಡಿಯಾಗಿ ದನಿ ಕಟ್ಟಿದ ದಿನ ಅಕ್ಕ ಟೈಮ್ ಕೇಳಿದ ಮೇಲೆ ಸ್ವಲ್ಪ ತಡೆದು, ಈ ಚಳಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಬಹುದಲ್ಲ, ಸರ್ಕಾರದವರು ಬೇಡ ಅಂತಾರಾ ಅಂದಿದ್ದಳು. ಸಲಹೆಗೆ ಧನ್ಯವಾದ ಮೇಡಂ ಅಂತ ಇವಳು ಅಂದಿದ್ದಳು. ಇದು ಮಾತಲ್ಲ, ಗ್ರಾಹಕರಿಗೆ ಕೊಡುವ ಸೇವೆ ಅಂತ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಸಾಧಿಸುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಪೆನ್ಸಿಲು ಚೂಪು ಮಾಡುತ್ತಿದ್ದರು.

ಹೀಗೆ ಆರು ವರ್ಷ ಸಾಗಿತು. ಆಗ ಒಬ್ಬ ಇಂಜಿನಿಯರು ಬಂದ. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡು. ಇನ್ನೆರಡು ತಿಂಗಳಲ್ಲಿ ಎಕ್ಸ್‌ಚೇಂಜು ಆಟೋಮ್ಯಾಟಿಕ್ ಆಗುತ್ತೆ, ಜನ ತಾವೇ ನಂಬರು ತಿರುಗಿಸಿ ಮಾತಾಡ್ತಾರೆ, ನಡುವೆ ಯಾರೂ ಬೇಡ ಅಂದ. ನಿಮ್ಮ ಕೆಲಸಕ್ಕೇನೂ ತೊಂದರೆಯಿಲ್ಲ, ಕೆಳಗೆ ದೂರು ಕೌಂಟರಿಗೆ ಹಾಕ್ತೀವಿ, ಜೊತೆಗೆ ನಿಮ್ಮ ಮನೆಗೂ ಒಂದು ಫೋನು ಕೊಡ್ತೀವಿ ಅಂತ ಸಮಾಧಾನ ಹೇಳಿದ. ಎಲ್ಲರೂ ಅವಳಿಗೆ ಶುಭಾಶಯ ಹೇಳಿದರು. ಅವಳು ನಾಲ್ಕನೇ ಸಾಲಿನ ಎರಡನೇ ಮುಚ್ಚಳವನ್ನೇ ನೋಡುತ್ತಿದ್ದಳು. ನಡುವೆ ಯಾರೂ ಬೇಡ ಅಂದರೆ ಅಕ್ಕ ಟೈಮನ್ನು ಯಾರ ಹತ್ತಿರ ಕೇಳಬೇಕು?

ಹೊಸ ನಂಬರಿನ ಪುಸ್ತಕ ಅಚ್ಚು ಹಾಕಿಸುವ ಕೆಲಸ ಇವಳ ತಲೆಗೇ ಬಂತು. ಕಚೇರಿಯ ದಾಖಲೆಯನ್ನು ನಂಬುವ ಹಾಗಿರಲಿಲ್ಲ, ಅರ್ಧಕ್ಕರ್ಧ ಫೋನು ತೀರಿಹೋದವರ ಹೆಸರಿನಲ್ಲಿತ್ತು. ಉಳಿದ ಪಾಳಿಗೆ ಬರುವವರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದರು, ಯಾವ ಲೈನು ಯಾರದೆಂದು ಸರಿಯಾಗಿ ಗೊತ್ತಿದ್ದವಳು ಇವಳೊಬ್ಬಳೇ. ಬೋರ್ಡಿನ ಮುಂದೆ ಕೂತು, ಮೊದಲನೇ ಸಾಲಿನ ಮೊದಲನೇ ತೂತಿನಿಂದ ಶುರುಮಾಡಿ, ಒಂದೊಂದನ್ನೇ ಬೆರಳಿನಲ್ಲಿ ಮುಟ್ಟಿಕೊಂಡು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಳು. ಒಟ್ಟು ಇನ್ನೂರ ಹದಿಮೂರು ತೂತು, ಇನ್ನೂರ ಹದಿಮೂರು ಹೆಸರು. ಎಂಥ ಪುಸ್ತಕ ಅಂತೀರಿ! 'ಡಾಕ್ಟ್ರು (ಸಂಜೆ ಆರರ ಮೇಲೆ ವಕೀಲರ ಮನೆಯಲ್ಲಿ)', 'ಹೆಡ್‌ಮಿಸ್ಸು (ಮಧ್ಯಾಹ್ನ ನಿದ್ದೆ, ಎಬ್ಬಿಸಬೇಡಿ)', 'ಬೇಕರಿ (ಜೋರಾಗಿ ಮಾತಾಡಿ)' ಅಂತ ಬರೆದಿದ್ದಳು. ಇಂಜಿನಿಯರು ಕೆಂಪು ಪೆನ್ನು ತೆಗೆದು ಆವರಣದಲ್ಲಿದ್ದದ್ದನ್ನೆಲ್ಲ ಹೊಡೆದುಹಾಕಿದ. ನಾಲ್ಕನೇ ಸಾಲಿಗೆ ಬಂದಾಗ ಅವನ ಪೆನ್ನು ನಿಂತಿತು. 'ಅಕ್ಕನ ಮನೆ' ಅಂತ ಬರೆದಿತ್ತು.

ಯಾರ ಅಕ್ಕ ಅಂತ ಅವನು ಕೇಳಿದ. ಇವಳು ನೋಟ್‌ಬುಕ್ಕು ಎಳೆದುಕೊಂಡು ಅದನ್ನು ಹೊಡೆದು 'ಕಾಂಟ್ರಾಕ್ಟರು' ಅಂತ ಬರೆದಳು. ಎದುರಿಗೆ 2318 ಅಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಬಾಯಿಪಾಠ ಮಾಡಿಕೊಂಡ ಮೊದಲ ನಂಬರು ಅದು. ಮಾಡಿಕೊಂಡಳು ಅನ್ನುವುದಕ್ಕಿಂತ, ಆಗಿಹೋಯಿತು.

ಬೋರ್ಡು ಕಳಚುವ ದಿನ ಬೆಳಗ್ಗೆ ಹತ್ತು ಗಂಟೆಗೆ ಮುಹೂರ್ತ. ಮೇಲಧಿಕಾರಿ ಬಂದಿದ್ದ, ಫೋಟೋದವನು ಬಂದಿದ್ದ, ಇಂಜಿನಿಯರು ದೊಡ್ಡ ಕತ್ತರಿ ಹಿಡಿದು ಕೇಬಲ್ಲಿನ ಪಕ್ಕ ನಿಂತಿದ್ದ. ಇವಳು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೊನೆಯ ಸಲ ಕೂತಿದ್ದಳು. ಅವತ್ತು ಏಳು ಗಂಟೆಗೆ ಅಕ್ಕನ ಮುಚ್ಚಳ ಬಿದ್ದಿರಲಿಲ್ಲ. ಎಂಟಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಒಂಬತ್ತು ಐವತ್ತಾರಕ್ಕೆ ಟಕ್ಕೆಂದಿತು.

ಟೈಮ್ ಎಷ್ಟಾಯ್ತು ಅಂತ ಅಕ್ಕ ಕೇಳಿದಳು. ಒಂಬತ್ತು ಐವತ್ತಾರು ಅಂದಳು. ಅಕ್ಕ ಫೋನು ಇಡಲಿಲ್ಲ. ಇವಳೂ ವೈರು ಕೀಳಲಿಲ್ಲ. ಹಿಂದೆ ಮೇಲಧಿಕಾರಿ ಗಡಿಯಾರ ನೋಡುತ್ತಿದ್ದ.

"ಸರಿಯಾಗಿ ನೋಡಿ ಹೇಳಿ," ಅಂದಳು ಅಕ್ಕ.

ಒಂಬತ್ತು ಐವತ್ತೇಳು ಅಂದಳು ಇವಳು. ನಮ್ಮ ಮನೆಗೂ ಫೋನು ಬಂದಿದೆ ಅಕ್ಕ, ಅಲ್ಲಿಗೆ ಮಾಡು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಲಧಿಕಾರಿ, ಫೋಟೋದವನು, ಇಂಜಿನಿಯರು, ಅದೆಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಹಾಳು ಬಿಗುಮಾನ. ಥ್ಯಾಂಕ್ಸ್ ಅಂತ ಅಕ್ಕ ಇಟ್ಟಳು. ಮೂರು ನಿಮಿಷಕ್ಕೆ ಕತ್ತರಿ ಬಿತ್ತು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಇವಳೊಬ್ಬಳು ಬೋರ್ಡಿನ ಕಡೆ ತಿರುಗಿಕೊಂಡಿದ್ದಾಳೆ.

ಮನೆಯ ಫೋನು ಹಸಿರು ಬಣ್ಣದ್ದು. ಮುಂದಿನ ಕೋಣೆಯ ಸ್ಟೂಲಿನ ಮೇಲೆ, ಮೇಷ್ಟ್ರು ಬಣ್ಣದಲ್ಲಿ ಹೂವು ಬರೆದ ಬಟ್ಟೆ ಹಾಸಿ ಇಟ್ಟರು. ನಂಬರು ತಿರುಗಿಸುವುದು ಹೇಗೆಂದು ಅಕ್ಕನ ಮಗಳು ರಜಕ್ಕೆ ಬಂದಾಗ ಚಿಕ್ಕಮ್ಮನಿಗೆ ಕಲಿಸಿದಳು. ಬೆರಳನ್ನು ಪೂರ್ತಿ ಕೊನೆಯವರೆಗೆ ಎಳೆದು ಬಿಡಬೇಕು, ಅರ್ಧಕ್ಕೇ ಬಿಟ್ಟರೆ ಬೇರೆಯವರಿಗೆ ಹೋಗುತ್ತೆ ಅಂತ ಅವಳು ಮೂರು ಸಲ ಹೇಳಿದರೆ ಇವಳು ಮೂರು ಸಲವೂ ಬೇಕರಿಗೇ ಹಚ್ಚಿದಳು. ಫೋನು ಬಂದರೆ ಎತ್ತಿದ ಕೂಡಲೇ ಬಾಯಿಂದ ಬರುತ್ತಿದ್ದದ್ದು ನಂಬರ್ ಪ್ಲೀಸ್. ಮೇಷ್ಟ್ರಿಂದ ನಂಬರು ಬರೆದುಕೊಂಡಿದ್ದ ಅವರ ಹೆಡ್‌ಮೇಷ್ಟ್ರು ಹೆದರಿ ಎರಡು ಸಲ ಇಟ್ಟೇಬಿಟ್ಟಿದ್ದರು.

ಅಕ್ಕನ ಫೋನು ಮಾತ್ರ ಬರಲಿಲ್ಲ. ಮೊದಲ ದಿನ ಏಳು ಗಂಟೆಗೆ ಇವಳು ಸ್ಟೂಲಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪುಸ್ತಕ ಮನೆಮನೆಗೆ ಹಂಚಿಯಾಗಿದೆ, ಅಕ್ಕನ ಕೈಲೂ ಇದೆ, ನಂಬರು ನೋಡಿ ತಿರುಗಿಸಿದರೆ ಆಯ್ತಲ್ಲ. ಒಂದು ವಾರವಾಯಿತು. ಎರಡಾಯಿತು. ನೀನೇ ಮಾಡಬಾರದಾ ಅಂತ ಮೇಷ್ಟ್ರು ಒಂದು ಸಲ ಅಂದು ನೋಡಿದರು. ಇಷ್ಟು ವರ್ಷ ಅವಳೇ ಕೂಗೋದು, ನಾನು ಓ ಅನ್ನೋದು, ಈಗ ನಾನು ಯಾಕೆ ಮಾಡಲಿ, ಬೇಕಾದರೆ ಅವಳೇ ಮಾಡ್ತಾಳೆ ಅಂದಳು. ಅಂದವಳು ಮಾರನೇ ದಿನ 231ರವರೆಗೆ ತಿರುಗಿಸಿ ರಿಸೀವರ್ ಇಟ್ಟಳು. ಮೇಷ್ಟ್ರು ಕನ್ನಡಿಯಲ್ಲಿ ನೋಡಿದರು, ನೋಡದವರ ಹಾಗೆ ಗಡ್ಡ ಕೆರೆದುಕೊಂಡರು.

ನಲವತ್ತು ದಿನ ಕಳೆಯುವಷ್ಟರಲ್ಲಿ ಇವಳ ಕಾಯುವಿಕೆ ಕೋಪವಾಗಿ, ಕೋಪ ದುಃಖವಾಗಿತ್ತು. ಮುಚ್ಚಳ ಬೀಳಿಸುವುದಾದರೆ ಅಕ್ಕನಿಗೆ ಸುಲಭ, ಸರ್ಕಾರದವಳನ್ನು ಟೈಮ್ ಕೇಳಿದ ಹಾಗಾಗುತ್ತೆ. ಮನೆಗೆ ಮಾಡಿದರೆ ತಂಗಿಗೇ ಮಾಡಿದ ಹಾಗಾಗುತ್ತಲ್ಲ, ಅದು ಅವಳಿಗೆ ಬೇಡ. ಹೀಗಂತ ಲೆಕ್ಕ ಹಾಕಿಕೊಂಡು ದೂರು ಕೌಂಟರಿನಲ್ಲಿ ಕೂತು ಊರಿನ ಗೋಳು ಬರೆದುಕೊಳ್ಳುತ್ತಿದ್ದಳು. ಗೋಳಿಗೇನು ಬರವೇ? ಬೇಕರಿಗೆ ಬರುವ ಫೋನೆಲ್ಲ ಶಾಲೆಗೆ ಹೋಗುತ್ತಿತ್ತು. ಡಾಕ್ಟ್ರ ಹೆಂಡತಿ, ಇವರು ಎಲ್ಲಿದ್ದಾರೆ ಅಂತ ಈ ಯಂತ್ರ ಹೇಳಲ್ಲವಲ್ಲ ಅಂತ ದೂರು ಬರೆಸಿಹೋಗಿದ್ದಳು.

ಒಂದು ಬುಧವಾರ ಹನ್ನೊಂದು ಗಂಟೆಗೆ, ಬೇಕರಿಯವನ ಬೆನ್ನ ಹಿಂದೆ, ಸಾಲಿನಲ್ಲಿ ಅಕ್ಕ ನಿಂತಿದ್ದಳು. ತಲೆ ಅರ್ಧ ನೆರೆತಿತ್ತು. ಇದನ್ನು ಫೋನಿನಲ್ಲಿ ಹೇಗೆ ತಿಳಿಯಬೇಕಿತ್ತು ಪಾಪ. ಕೈಯಲ್ಲಿ ನಂಬರಿನ ಪುಸ್ತಕ, ಪುಟಗಳ ಮೂಲೆ ಮಡಚಿ ಮಡಚಿ ಮೆತ್ತಗಾಗಿತ್ತು. ಬೇಕರಿಯವನು ಸರಿದ. ಅಕ್ಕ ಮುಂದೆ ಬಂದಳು.

ಇವಳು ರಿಜಿಸ್ಟರಿನ ಮೇಲೆ ಕಣ್ಣಿಟ್ಟು, ಏನು ದೂರು ಮೇಡಂ ಅಂದಳು.

"ನಿಮ್ಮ ಪುಸ್ತಕದಲ್ಲಿ ಒಂದು ನಂಬರು ಬಿಟ್ಟುಹೋಗಿದೆ."

"ಯಾರದು?"

ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. "ನನ್ನ ತಂಗಿದು."

ಇವಳು ಪುಸ್ತಕ ಇಸಿದುಕೊಂಡಳು. ಮೊದಲ ಪುಟದಿಂದ ಬೆರಳಿಟ್ಟು ಇಳಿಸಿದಳು. ಡಾಕ್ಟ್ರು, ವಕೀಲರು, ಬೇಕರಿ, ಹೆಡ್‌ಮಿಸ್ಸು, ಕಾಂಟ್ರಾಕ್ಟರು, ಎಲ್ಲರೂ ಇದ್ದರು. ಡ್ರಾಯಿಂಗ್ ಮೇಷ್ಟ್ರು ಇರಲಿಲ್ಲ, ಎಕ್ಸ್‌ಚೇಂಜಮ್ಮ ಇರಲಿಲ್ಲ. ಎಲ್ಲಿಂದ ಇರಬೇಕು? ತೂತು ಮುಟ್ಟಿ ಮುಟ್ಟಿ ಬರೆದ ಪುಸ್ತಕ ಅದು, ಅವಳಿಗೆ ಬೋರ್ಡಿನಲ್ಲಿ ತೂತೇ ಇರಲಿಲ್ಲವಲ್ಲ. ಊರಿಗೆಲ್ಲ ನಂಬರು ಹಂಚಿದ ಮಹಾತಾಯಿ ತನ್ನದನ್ನೇ ಮರೆತಿದ್ದಳು. ನಲವತ್ತು ದಿನ ಸ್ಟೂಲಿನ ಪಕ್ಕ ಕೂತು ಅಕ್ಕನನ್ನು ಬೈದುಕೊಂಡದ್ದೆಲ್ಲ ನೆನಪಾಗಿ ಅವಳ ಮುಖಕ್ಕೆ ರಕ್ತ ನುಗ್ಗಿತು.

"ಬೇಕಂತಲೇ ಬಿಟ್ಟಿದ್ದಾಳೆ ಅಂದುಕೊಂಡೆ," ಅಂದಳು ಅಕ್ಕ, ಕ್ಯಾಲೆಂಡರಿಗೆ ಹೇಳುವವಳ ಹಾಗೆ. "ಮಗಳನ್ನ ಕೇಳಿದ್ರೆ ನಗ್ತಾಳೆ. ಅದಕ್ಕೆ ದೂರು ಕೊಡೋಣ ಅಂತ ಬಂದೆ."

ಇವಳು ರಿಜಿಸ್ಟರಿನಲ್ಲಿ ದೂರು ಬರೆದುಕೊಂಡಳು. ಅಕ್ಷರ ಸೊಟ್ಟಗಾಯಿತು. ಒಂದು ಚೀಟಿಯಲ್ಲಿ 2407 ಅಂತ ಬರೆದು ಕಿಂಡಿಯಿಂದ ತಳ್ಳಿದಳು. ಇನ್ನು ಎಷ್ಟು ದಿನ ಕಾಯಬೇಕು ಅಂತ ಅಕ್ಕ ಕೇಳಿದಳು. ಇಪ್ಪತ್ತನಾಲ್ಕು ಗಂಟೆಯೊಳಗೆ ಸರಿಹೋಗುತ್ತೆ ಅಂದಳು ಇವಳು. ಅದು ಕೌಂಟರಿನಲ್ಲಿ ಎಲ್ಲರಿಗೂ ಹೇಳುವ ಮಾತು. ಅಲ್ಲಿಯವರೆಗೆ ಒಮ್ಮೆಯೂ ನಿಜವಾದದ್ದಿಲ್ಲ.

ಮಾರನೇ ದಿನ ಏಳು ಗಂಟೆಗೆ ಸರಿಯಾಗಿ ಹಸಿರು ಫೋನು ಬಡಿದುಕೊಂಡಿತು. ಮೇಷ್ಟ್ರು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಲ್ಲೇ ನಿಂತರು. ಇವಳು ಎತ್ತಿದಳು.

"ನಂಬರ್ ಪ್ಲೀಸ್."

"ಟೈಮ್ ಎಷ್ಟಾಯ್ತೇ?" ಅಂದಳು ಅಕ್ಕ.

ಏಳು ಗಂಟೆ ಅಂದಳು. ಆಮೇಲೆ, ಇಡಬೇಡ ಅಕ್ಕ ಅಂದಳು. ಅಕ್ಕ ಇಡಲಿಲ್ಲ. ಇವಳು ಮಾತಿಗೆ ತಡಕಾಡಿದಳು. ಆ ಹತ್ತು ದಿನದಲ್ಲಿ ಮೂರು ಸಲ ನಿನ್ನ ಬಾಗಿಲಿಗೆ ಬಂದಿದ್ದೆ ಅಂದಳು. ಒಂದು ಸಲ ನೀನು ಕಾಗದ ತೋರಿಸಿದೆ, ಒಂದು ಸಲ ಮಗಳ ಬಟ್ಟೆಗೆ ಅಂಚು ಹೊಲಿಯುತ್ತಿದ್ದೆ, ಇನ್ನೊಂದು ಸಲ ಏನೋ ಹಾಡಿಕೊಂಡು ಮನೆ ಗುಡಿಸುತ್ತಿದ್ದೆ, ನೀನು ಹಾಡಿದ್ದನ್ನು ನಾನು ಅಮ್ಮ ಹೋದ ಮೇಲೆ ಕೇಳಿರಲಿಲ್ಲ ಅಂದಳು. ಹೇಳುತ್ತ ಹೇಳುತ್ತ ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ರೂಲ್ಸು ಅಲ್ಲ ಅಕ್ಕ. ನನಗೆ ಧೈರ್ಯ ಸಾಲಲಿಲ್ಲ."

ಆ ಕಡೆ ಏನೂ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ಮೌನವನ್ನೆಲ್ಲ ಕೇಳಿದ ಕಿವಿ ಅದು. ಲೈನು ಸತ್ತ ಮೌನ ಯಾವುದು, ಮನುಷ್ಯರು ಅಳುವ ಮೌನ ಯಾವುದು ಅಂತ ಗೊತ್ತಿತ್ತು. ಕೊನೆಗೆ ಅಕ್ಕ, ಹೇಳಿದ್ರೆ ನಾನೇನು ನಿನ್ನ ತಿಂದುಬಿಡ್ತಿದ್ನಾ ಅಂದಳು. ತಿಂತಿದ್ದೆ ಅಂದಳು ಇವಳು. ಅಕ್ಕ ಅಳುತ್ತಲೇ ನಕ್ಕಳು.

ಎದುರಿನ ಗಡಿಯಾರ ಏಳು ದಾಟಿ ಮೂರು ನಿಮಿಷ ತೋರಿಸುತ್ತಿತ್ತು. ಹಳೆಯ ಚಟ, ನಾಲಿಗೆ ತಾನಾಗಿ ಹೊರಳಿತು.

"ಮೂರು ನಿಮಿಷ ಆಯ್ತು. ಮುಂದುವರಿಸಬೇಕಾ?"

"ಹ್ಞೂ ಕಣೇ," ಅಂದಳು ಅಕ್ಕ. "ಮುಂದುವರಿಸು."

ಮೇಷ್ಟ್ರು ತಾವೇ ಟೀ ಕಾಯಿಸಿ, ಒಂದು ಲೋಟ ಅವಳ ಪಕ್ಕ ಇಟ್ಟು, ಬ್ರೆಡ್ಡು ತಿಂದುಕೊಂಡು ಶಾಲೆಗೆ ಹೋದರು. ಟೀ ಆರಿತು.

ಅವತ್ತು ಎಕ್ಸ್‌ಚೇಂಜಮ್ಮ ಹುಟ್ಟಿದಾರಭ್ಯ ಮೊದಲ ಸಲ ಕೆಲಸಕ್ಕೆ ತಡವಾಗಿ ಬಂದಳು, ಅದೂ ಮುಕ್ಕಾಲು ಗಂಟೆ. ಇಂಜಿನಿಯರು ಅವಳ ಕುರ್ಚಿಯಲ್ಲಿ ಕೂತು ದೂರು ಬರೆದುಕೊಳ್ಳುತ್ತಿದ್ದ. ಅವಳನ್ನು ಕಂಡು ಏನೂ ಕೇಳದೆ ಎದ್ದು ಜಾಗ ಬಿಟ್ಟ. ರಿಜಿಸ್ಟರಿನಲ್ಲಿ ದಿನದ ಮೊದಲ ದೂರು ಬೇಕರಿಯವನದು: ಕಾಂಟ್ರಾಕ್ಟರ ಮನೆಯ ಲೈನು ಬೆಳಗಿನಿಂದ ಎಂಗೇಜ್ ಬರುತ್ತಿದೆ, ಕೆಟ್ಟಿರಬೇಕು, ಕೂಡಲೇ ನೋಡುವುದು. ಅದರ ಎದುರಿಗೆ ಇಂಜಿನಿಯರು ತನ್ನ ಕೆಂಪು ಪೆನ್ನಿನಲ್ಲಿ ಬರೆದಿದ್ದ: 'ಲೈನು ಪರೀಕ್ಷಿಸಲಾಯಿತು. ದೋಷವಿಲ್ಲ. ಮಾತು ನಡೆಯುತ್ತಿದೆ.'

ಅವಳು ಅದರ ಕೆಳಗೆ ಸಹಿ ಹಾಕಿ, ಸಾಲಿನಲ್ಲಿದ್ದ ಮುಂದಿನವರನ್ನು ಕರೆದಳು.